ಗೆದ್ದಲು ತಿಂದ ಪಾಠ

ಲಿಕೋಮಾ ದ್ವೀಪ
17 ಸೆಪ್ಟೆಂಬರ್ 2023

ಪ್ರೀತಿಯ ಎನಿಫಾ,

ಕೈಯಲ್ಲಿ ಫೋನಿಟ್ಟುಕೊಂಡು ಕಾಗದ ಬರೆಯುತ್ತಾಳಲ್ಲ, ಇವಳಿಗೇನು ತಲೆ ಕೆಟ್ಟಿತೇ ಎಂದು ನಗಬೇಡ. ಫೋನಿಗೆ ಹಾಕಿಸಿದ ಡೇಟಾವನ್ನೆಲ್ಲ ಡಿಗ್ರಿ ಓದುವ ಟೀಚರುಗಳ ನಮ್ಮ ಫೋನ್ ಗುಂಪು ‘ಬೆಳಕು ಬಳಗ’ವೇ ನುಂಗುತ್ತಿದೆ. ಅದೂ ಅಲ್ಲದೆ ಅಲ್ಲಿ ಒಬ್ಬರಿಗೆ ಬರೆದದ್ದು ಫೋಟೋ ಆಗಿ ಸಂಜೆಯೊಳಗೆ ಹತ್ತು ಜನರ ಕೈಯಲ್ಲಿರುತ್ತದೆ. ಒಣಮೀನು ಮಾರುವ ಮಾಯಿ ಅವೆತು ಹಡಗು ಬಂದಾಗಲೆಲ್ಲ ಜೊಂಬಾ ಮಾರ್ಕೆಟ್ಟಿಗೆ ಹೋಗುತ್ತಾಳೆ. ನಿನ್ನ ಮನೆ ಅವಳ ದಾರಿಯಲ್ಲೇ ಇದೆ, ಕಾಗದ ಅವಳ ಕೈಯಲ್ಲೇ ಬರುತ್ತದೆ. ಕಾಗದ ಮೀನು ನಾರಿದರೆ ಮೂಗು ಮುಚ್ಚಿಕೊಂಡು ಓದು.

ಟ್ರೈನಿಂಗ್ ಕಾಲೇಜಿನಲ್ಲಿ ಒಂದೇ ಮಂಚದ ಮೇಲೂ ಕೆಳಗೂ ಮಲಗಿದವರು ಇಷ್ಟು ವರ್ಷದ ಮೇಲೆ ಫೋನಿನಲ್ಲಾದರೂ ಒಟ್ಟಿಗೆ ಓದುತ್ತಿದ್ದೇವಲ್ಲ, ನನಗೆ ಅದೇ ಖುಷಿ. ಈ ಡಿಗ್ರಿ ಒಂದು ಕೈಗೆ ಬಂದರೆ ವರ್ಗ ಕೇಳಬಹುದು. ಜೊಂಬಾಕ್ಕೆ ಬರಬಹುದು. ನನ್ನ ಮಗಳು ಲುಸುಂಗು ಮತ್ತೆ ನನ್ನ ಮಗ್ಗುಲಲ್ಲಿ ಮಲಗಬಹುದು. ಅವಳಪ್ಪ ದುಡಿಯಲು ಜೋಬರ್ಗಿಗೆ ಹೋದವನು ಹೋದವನೇ. ಇಲ್ಲಿ ಮೇಲಿಂದ ಮೇಲೆ ಮಲೇರಿಯಾ ಬಂದು ಮಗು ಕಡ್ಡಿಯಾದಾಗ “ನನ್ನ ಹತ್ರ ಬಿಡೇ, ನನ್ನ ಕ್ಲಾಸಲ್ಲೇ ಕೂರಿಸ್ಕೋತೀನಿ” ಎಂದು ಎತ್ತಿಕೊಂಡು ಹೋದವಳು ನೀನು. ಆ ಋಣ ತೀರಿಸುವುದು ನನ್ನಿಂದಾಗದು. ಅವಳು ಬರೆದು ಕಳಿಸಿದ ಚೀಟಿಗಳನ್ನು ಮಂಚದ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ‘ಅಮ್ಮ, ನಾನು ಚೆನ್ನಾಗಿ ಓದುತ್ತೇನೆ.’ ಎರಡನೇ ಕ್ಲಾಸಿನ ಮಗುವಿನ ಅಕ್ಷರ ಎಷ್ಟು ದುಂಡಗಿದೆಯೇ!

ಬಳಗದ್ದು ಮಾತ್ರ ನನಗೆ ತಲೆಬುಡ ತಿಳಿಯುತ್ತಿಲ್ಲ. ಮೊನ್ನೆ ಕೋರ್ಸಿನ ಪ್ರಶ್ನೆಗೆ ಉತ್ತರ ಬರೆಯುತ್ತಾ ಇದ್ದೆ, ದೋಣಿ ಬಂತೆಂದು ಏಳುವಾಗ ಕೈ ತಗುಲಿ ಅರ್ಧಕ್ಕೇ ಹೋಗಿಬಿಟ್ಟಿತು. ‘ಮಕ್ಕಳ ಕಲಿಕೆಯಲ್ಲಿ ತಾಯಂದಿರ ಪಾತ್ರವೆಂದರೆ’ ಅಷ್ಟೇ. ಅದಕ್ಕೆ ಹೂವಿನ ಚಿತ್ರಗಳ ಮಳೆ! ‘ಆಳವಾದ ಚಿಂತನೆ ಮೇಡಂ.’ ‘ಪೂರ್ತಿ ಒಪ್ಪುತ್ತೇನೆ.’ ಏನನ್ನು ಒಪ್ಪಿದರು, ಹೇಳು? ಮಂಗೋಚಿಯ ಹೆಡ್‌ಮೇಷ್ಟ್ರು ಕಪಾಂಡಾ, ನಮ್ಮ ಮುಖಂಡರು, ಅವರೂ ಚಪ್ಪಾಳೆ ಹಾಕಿದ್ದಾರೆ. ನಾನು ಅಷ್ಟು ಬುದ್ಧಿವಂತಳೋ, ಅವರಿಗೆ ಓದಲು ಪುರುಸೊತ್ತಿಲ್ಲವೋ?

ಲುಸುವಿಗೆ ಮುತ್ತು.

ನಿನ್ನ ಟೊವೇರಾ

---

ಜೊಂಬಾ
5 ಅಕ್ಟೋಬರ್ 2023

ನನ್ನ ಹುಚ್ಚಿ ಟೊವೇರಾ,

ಕಾಗದ ಬಂತು. ವಾಸನೆಗೆ ಪಕ್ಕದ ಮನೆಯ ಬೆಕ್ಕೂ ಬಂತು.

ನಿನ್ನದು ಎಲ್ಲದಕ್ಕೂ ಗುಮಾನಿ. ಜನ ಹೊಗಳಿದರೆ ಸುಮ್ಮನೆ ಹೊಗಳಿಸಿಕೊಳ್ಳಬಾರದೇ? ವಾರಕ್ಕೊಂದು ಉತ್ತರ, ಬೇರೆಯವರ ಎರಡು ಉತ್ತರಕ್ಕೆ ಅಭಿಪ್ರಾಯ ಎಂದು ನಿಯಮವಿದೆ. ಅಭಿಪ್ರಾಯಕ್ಕೂ ಅಂಕವಿದೆ. ಅದಕ್ಕೇ ಎಲ್ಲರೂ ನಾಲ್ಕು ಸಾಲು ಸಿದ್ಧ ಮಾಡಿಟ್ಟುಕೊಂಡಿದ್ದಾರೆ. ನಾನೂ ಇಟ್ಟುಕೊಂಡಿದ್ದೇನೆ. ಮನೆಗೆಲಸ, ಪ್ರಾರ್ಥನಾ ಸಂಘ, ನೂರಕ್ಕೂ ಮೀರಿದ ಮಕ್ಕಳು, ಇಷ್ಟರ ನಡುವೆ ಯಾರು ಯಾರದನ್ನು ಓದುತ್ತಾ ಕೂರುತ್ತಾರೆ? ಕಪಾಂಡಾ ಮೇಷ್ಟ್ರು ಡೇಟಾ ಇಲ್ಲದವರಿಗೆ ತಮ್ಮ ಜೇಬಿನಿಂದ ಹಾಕಿಸುತ್ತಾರೆ. ಅವರ ಮನಸ್ಸು ನೋಯುವಂಥದ್ದು ಏನೂ ಬರೆಯಬೇಡ.

ಈ ವರ್ಷದ ದೊಡ್ಡ ಕೆಲಸ ಗೊತ್ತಲ್ಲ. ‘ಒಕ್ಕೊರಲ ಓದಿನಿಂದ ನಮ್ಮ ಮಕ್ಕಳು ಓದುಗರಾದರು’ ಎಂದು ಬಳಗದ ಎಲ್ಲರೂ ಸೇರಿ ಒಂದೇ ವರದಿ ಕೊಡಬೇಕು. ನನಗಂತೂ ಕಷ್ಟವೇ ಇಲ್ಲ. ಗೋಡೆಗೆ ತೂಗುಹಾಕಿದ ಪಾಠದ ಪಟಕ್ಕೆ ಕೋಲು ಮುಟ್ಟಿಸಿದರೆ ಸಾಕು, ನಮ್ಮ ಮಕ್ಕಳು ಒಂದೇ ಉಸಿರಿಗೆ ಓದುತ್ತವೆ. ತಗಡಿನ ಚಾವಣಿ ಅದುರುತ್ತದೆ. ಮುಂದಿನ ಸಾಲಿನಲ್ಲಿ ನಮ್ಮ ಲುಸುವಿನದೇ ದೊಡ್ಡ ದನಿ. ನೀರು ಕುಡಿದಷ್ಟು ಸಲೀಸಾಗಿ ಓದುತ್ತಾಳೆ ಕಣೇ. ನೀನೇನೂ ಚಿಂತೆ ಮಾಡಬೇಡ, ಮನೆಪಾಠವನ್ನೆಲ್ಲ ನಾನು ನೋಡಿಕೊಳ್ಳುತ್ತೇನೆ. ಈ ಸಲದ ಚೀಟಿಯನ್ನೂ ಅವಳೇ ಬರೆದಿದ್ದಾಳೆ, ಇದರ ಜೊತೆ ಇಟ್ಟಿದ್ದೇನೆ.

ಡಿಸೆಂಬರ್ ರಜೆಗೆ ಅವಳನ್ನು ಮಾಯಿ ಅವೆತು ಜೊತೆ ಕಳಿಸಲೇ?

ಎನಿಫಾ

---

ಲಿಕೋಮಾ
22 ಅಕ್ಟೋಬರ್ 2023

ಎನಿಫಾ,

ಕಳಿಸಲೇ ಎಂದು ಕೇಳುತ್ತೀಯಲ್ಲ! ಕಳಿಸು, ಕಳಿಸು.

ಈಗ ಒಂದು ವಿಚಿತ್ರ ಕೇಳು. ಸೋಮವಾರ ಬೆಳಿಗ್ಗೆ ಮಕ್ಕಳ ಕಡೆ ಮುಖ ಮಾಡಿ ನಿಂತು, ಅಭ್ಯಾಸಬಲದಿಂದ ಹಿಂದಿನ ಪಟದ ಮೇಲೆ ಕೋಲು ಆಡಿಸುತ್ತಿದ್ದೆ. ಮಕ್ಕಳು ಕೂಗಿ ಓದುತ್ತಿದ್ದವು. ಅಪ್ಪ ಹೊಲದಲ್ಲಿದ್ದಾನೆ. ಅಮ್ಮ ನೀರಿಗೆ ಹೋಗಿದ್ದಾಳೆ. ಅಜ್ಜಿ ಜೋಳ ಕುಟ್ಟುತ್ತಾಳೆ. ಮೇಕೆ ಹಗ್ಗ ಕಿತ್ತುಕೊಂಡು ಓಡಿತು. ಕೋಲಿಗೆ ಏನೋ ಮಣ್ಣು ಮೆತ್ತಿದಂತಾಗಿ ತಿರುಗಿ ನೋಡಿದರೆ ಅಜ್ಜಿಯೂ ಇಲ್ಲ, ಮೇಕೆಯೂ ಇಲ್ಲ! ಪಟದ ಕೆಳಗಿನ ಅರ್ಧವನ್ನು ಗೆದ್ದಲು ತಿಂದು ಮುಗಿಸಿತ್ತು. ಮಕ್ಕಳು ಇಲ್ಲದ ಸಾಲನ್ನು ಒಂದಕ್ಷರ ಬಿಡದೆ ಓದಿದ್ದವು.

ಮೊದಲು ನಕ್ಕೆ. ಆಮೇಲೆ ಬೋರ್ಡಿನ ಮೇಲೆ ‘ಮೇಕೆ’ ಎಂದು ಬರೆದು ಒಬ್ಬೊಬ್ಬರನ್ನೇ ಕರೆದು ಕೇಳಿದೆ. ಓದಿದವರು ಬೆರಳೆಣಿಕೆಯಷ್ಟು. ಉಳಿದವರು ನನ್ನ ಮುಖ ನೋಡಿ ನಾನು ಏನು ಹೇಳಬಹುದೆಂದು ಕಾಯುತ್ತಿದ್ದರು. ಇಷ್ಟು ದಿನ ದನಿ ಜೋರಾಗಿದೆ ಎಂದು ನಾನು ಹಿಗ್ಗುತ್ತಿದ್ದೆನಲ್ಲ, ಓದಿದ್ದು ಯಾರು?

ಅದನ್ನೇ ಬಳಗದಲ್ಲಿ ಬರೆದೆ. ನೀನೂ ನೋಡಿರುತ್ತೀ. ಬಂದ ಉತ್ತರಗಳನ್ನೂ ನೋಡಿದೆಯಾ? ಒಬ್ಬರು ಗೆದ್ದಲಿಗೆ ಬೂದಿ ಹಾಕಿ ಎಂದರು. ಇನ್ನೊಬ್ಬರು ಲಾರಿಯ ಹಳೇ ಎಣ್ಣೆ ಬಳಿಯಿರಿ ಎಂದರು. ಮತ್ತೊಬ್ಬಾಕೆ ನಮ್ಮ ಶಾಲೆಯ ಗೋಡೆಗಾಗಿ ಪ್ರಾರ್ಥನೆ ಮಾಡಿದಳು. ‘ವಿಷಯ ಗೆದ್ದಲಿನದಲ್ಲ, ಓದಿನದು. ನಿಮ್ಮ ಕ್ಲಾಸಿನಲ್ಲೂ ಪಟ ಮುಚ್ಚಿ ನೋಡಿ’ ಎಂದು ಮತ್ತೆ ಬರೆದೆ. ಅಷ್ಟಕ್ಕೇ ಬಳಗದಲ್ಲಿ ಬೆಳಗಿನ ನಮಸ್ಕಾರ ಕೂಡ ನಿಂತುಹೋಯಿತು. ಆಗ ಕಪಾಂಡಾ ಮೇಷ್ಟ್ರ ಫೋನು.

“ಮಗಳೇ, ಮನೆ ಮಾತು ಯಾರಾದ್ರೂ ಬೀದೀಲಿ ಆಡ್ತಾರಾ?”

“ಬೀದಿ ಎಲ್ಲಿ ಬಂತು ಮೇಷ್ಟ್ರೇ? ಕಲಿಯೋಕೆ ಅಂತ ತಾನೇ ನಾವು ಸೇರಿರೋದು?”

“ಕಲಿಯೋಣಮ್ಮ. ಪಾಸಾದ ಮೇಲೆ ಎಲ್ಲಾ ಕಲಿಯೋಣ. ವರದೀಲಿ ಒಂದು ಹೆಸರು ಬಿಟ್ರೂ ಎಲ್ಲರ ಅಂಕ ನಿಲ್ಲುತ್ತೆ. ಯಾರ ಹೊಟ್ಟೆ ಮೇಲೆ ಹೊಡೀತೀಯಾ ಹೇಳು?”

ಕೆಟ್ಟವರಾಗಿದ್ದರೆ ಬೈದು ಫೋನಿಡುತ್ತಿದ್ದೆ. ಕಳೆದ ತಿಂಗಳು ನನಗೂ ಡೇಟಾ ಹಾಕಿಸಿದವರು ಅವರೇ. ನನಗೆ ದಿಕ್ಕೇ ತೋಚುತ್ತಿಲ್ಲ. ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳುವವರಾರು ಎನ್ನುತ್ತಾರಲ್ಲ, ಹಾಗಾಗಿದೆ. ಅಥವಾ ನಾನೇ ತಪ್ಪೋ? ನನ್ನ ಕ್ಲಾಸು ಮಾತ್ರ ಹೀಗೋ?

ನೀನು ಒಂದು ಮಾಡು. ನಿನ್ನ ಕ್ಲಾಸಿನ ಪಟ ಮುಚ್ಚಿ ನೋಡಿ ನನಗೆ ಬರೆ. ಮತ್ತೆ, ಬಳಗದಲ್ಲಿ ನೀನೇಕೆ ಒಂದು ಮಾತೂ ಆಡಲಿಲ್ಲ?

ಟೊವೇರಾ

---

ಜೊಂಬಾ
9 ನವೆಂಬರ್ 2023

ಟೊವೇರಾ,

ಇಲ್ಲಿ ಮಳೆ ಇನ್ನೂ ಹಿಡಿದಿಲ್ಲ. ಬೆಟ್ಟದ ಮೇಲೆ ಮೋಡ ಕೂತಿದೆ, ಇಳಿಯುತ್ತಿಲ್ಲ. ಲುಸುವಿಗೆ ನೀಲಿ ಸ್ವೆಟರ್ ಹೆಣೆಯುತ್ತಿದ್ದೇನೆ, ತೋಳು ಮಾತ್ರ ಬಾಕಿ. ಮಾಸುಕು ಹಣ್ಣು ಬಂದಿದೆ, ದಿನಾ ತಿಂದು ಫ್ರಾಕಿಗೆಲ್ಲ ಒರೆಸಿಕೊಳ್ಳುತ್ತಾಳೆ.

ಬಳಗದಲ್ಲಿ ನಿನ್ನ ಮೇಲೆ ಕೆಲವರಿಗೆ ಸಿಟ್ಟು ಬಂದಿತ್ತು. ನಾನು ಸಮಾಧಾನ ಮಾಡಿದ್ದೇನೆ. ಟೊವೇರಾಗೆ ಜ್ವರ, ದ್ವೀಪದಲ್ಲಿ ಒಂಟಿ ಬೇರೆ, ಜ್ವರದಲ್ಲಿ ಏನೋ ಬರೆದಳು ಎಂದೆ. ಎಲ್ಲರೂ ಅಯ್ಯೋ ಪಾಪ ಎಂದರು. ಈಗ ಯಾರಿಗೂ ಸಿಟ್ಟಿಲ್ಲ.

ವರದಿಗೆ ಹೆಸರು ಹಾಕಿಬಿಡು ಕಣೇ. ಲುಸುವಿನ ಮುಖ ನೆನೆದುಕೊಂಡು ಹಾಕು.

ಎನಿಫಾ

---

ಲಿಕೋಮಾ
19 ನವೆಂಬರ್ 2023

ಎನಿಫಾ,

ಜ್ವರವಂತೆ ಜ್ವರ! ಗಂಟಲಲ್ಲಿ ಇದ್ದ ಒಂದು ಸತ್ಯವನ್ನು ಕಷ್ಟಪಟ್ಟು ಆಚೆ ಹಾಕಿದರೆ ಅದನ್ನು ಬಡಬಡಿಕೆ ಮಾಡಿದೆಯಲ್ಲೇ! ಈಗ ದಿನಾ ಬೆಳಿಗ್ಗೆ ‘ಬೇಗ ಗುಣವಾಗಿರಿ ಮೇಡಂ’ ಎಂದು ಹೂವು ಬರುತ್ತಿದೆ. ಕರೋಂಗಾದಿಂದ ಒಬ್ಬರು ಬೇವಿನ ಕಷಾಯ ಹೇಳಿಕೊಟ್ಟಿದ್ದಾರೆ. ನಿನ್ನೆ ನನಗೇ ಗೊತ್ತಿಲ್ಲದೆ ಹಣೆ ಮುಟ್ಟಿ ನೋಡಿಕೊಂಡೆ. ಇಷ್ಟು ಜನ ಹೇಳುವಾಗ ಸ್ವಲ್ಪ ಬಿಸಿ ಇದ್ದರೂ ಇರಬಹುದು ಎನಿಸಿತು.

ಇದನ್ನೂ ಕೇಳು. ಬಳಗದಲ್ಲಿ ತುಟಿ ಬಿಚ್ಚದವರಲ್ಲಿ ನಾಲ್ಕು ಮಂದಿ ನನಗೆ ಗುಟ್ಟಾಗಿ ಬರೆದಿದ್ದಾರೆ. ‘ನಮ್ಮಲ್ಲೂ ಹಾಗೇ ಮೇಡಂ, ಯಾರಿಗೂ ಹೇಳಬೇಡಿ.’ ಅವರಲ್ಲಿ ಪ್ರತಿಯೊಬ್ಬರಿಗೂ ತಾನೊಬ್ಬಳೇ ಕಳ್ಳಿ ಎಂಬ ಭಯ. ಒಬ್ಬರ ಮಾತು ಇನ್ನೊಬ್ಬರಿಗೆ ಹೇಳಲಾರೆ, ಆಣೆ ಹಾಕಿಸಿಕೊಂಡಿದ್ದಾರೆ. ನಗಬೇಕೋ ಅಳಬೇಕೋ?

ನಿನ್ನ ಕ್ಲಾಸಿನ ಮಾತು ಕೇಳಿದ್ದೆ. ನೀನು ಸ್ವೆಟರಿನ ಮಾತು ಬರೆದೆ. ಇರಲಿ ಬಿಡು. ನಿನ್ನ ಮಕ್ಕಳು ಓದುತ್ತಾರೆ, ಲುಸು ಓದುತ್ತಾಳೆ ಎಂದೇ ತಿಳಿಯುತ್ತೇನೆ. ಪಟ್ಟಣದ ಶಾಲೆ, ನಿನ್ನಂಥ ಟೀಚರು.

ನಿನ್ನೆ ವರದಿಗೆ ಹೆಸರು ಹಾಕಿದೆ. ನಾನೂ ಒಂದು ಹೂವು ಹಾಕಿದೆ. ಕಪಾಂಡಾ ಮೇಷ್ಟ್ರು ‘ನಮ್ಮ ಮಗಳು ಗುಣವಾದಳು’ ಎಂದು ಬರೆದರು. ನಾಚಿಕೆಯಾಯಿತು, ಹೇಸಿಗೆಯೂ ಆಯಿತು. ಆದರೆ ವರ್ಗ ಬೇಕು ಎನಿಫಾ. ನನ್ನ ಮಗಳು ಬೇಕು.

ಅವಳನ್ನು ಹಡಗು ಹತ್ತಿಸುವಾಗ ತಲೆಗೆ ಬಟ್ಟೆ ಕಟ್ಟು. ಸರೋವರದ ಗಾಳಿ ಕೆಟ್ಟದ್ದು.

ಟೊವೇರಾ

---

ಲಿಕೋಮಾ
27 ಡಿಸೆಂಬರ್ 2023

ಎನಿಫಾ,

ಲುಸು ಬಂದಳು. ಹಡಗಿನಿಂದ ದೋಣಿಗೆ ಇಳಿಸುವಾಗ ನೀಲಿ ಸ್ವೆಟರ್ ನೋಡಿಯೇ ಗುರುತು ಹಿಡಿದೆ. ಎಷ್ಟು ಉದ್ದವಾಗಿದ್ದಾಳೆ, ಕೆನ್ನೆ ಎಷ್ಟು ತುಂಬಿವೆ! ಒಳ್ಳೆಯ ಅನ್ನ ನೀರು ಕಂಡ ಮಗು ಎಂದು ಊರಿಗೆ ಊರೇ ಹೇಳಿತು. ಇದನ್ನು ಮೊದಲೇ ಬರೆದಿಡುತ್ತಿದ್ದೇನೆ, ಮುಂದಿನದನ್ನು ಓದುವಾಗ ಇದನ್ನು ಮರೆಯಬೇಡ.

ಕ್ರಿಸ್‌ಮಸ್ ದಿನ ಬಾವೋಬಾಬ್ ಮರದ ಕೆಳಗೆ ಅಕ್ಕಪಕ್ಕದವರೆಲ್ಲ ಕೂತಿದ್ದರು. “ನಮ್ಮ ಲುಸು ಓದೋದು ಕೇಳಿ” ಎಂದು ಜಂಬದಿಂದ ಪುಸ್ತಕ ಕೊಟ್ಟೆ. ಪುಸ್ತಕವನ್ನು ಚಾಪೆಯ ಮೇಲೆ ತೆರೆದಿಟ್ಟು ಎದ್ದು ನಿಂತು, ಕೈ ಕಟ್ಟಿ, ಗಂಟೆ ಹೊಡೆದಂತೆ ಓದಿದಳು. ಅಪ್ಪ ಹೊಲದಲ್ಲಿದ್ದಾನೆ. ಅಮ್ಮ ನೀರಿಗೆ ಹೋಗಿದ್ದಾಳೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಅವಳ ಮುಂದೆ ತೆರೆದಿದ್ದದ್ದು ಬೇರೆ ಪುಟ. ಅದರಲ್ಲಿದ್ದದ್ದು ಮೀನು ಮಾರ್ಕೆಟ್ಟಿನ ಪಾಠ.

ಎಲ್ಲರೂ ಹೋದ ಮೇಲೆ ಮಡಿಲಲ್ಲಿ ಕೂರಿಸಿಕೊಂಡು ಕೇಳಿದೆ.

“ಲುಸು, ಇದ್ರಲ್ಲಿ ‘ಮೀನು’ ಎಲ್ಲಿದೆ ತೋರ್ಸು ನೋಡೋಣ?”

ಅವಳು ಪುಸ್ತಕ ನೋಡಲಿಲ್ಲ, ನನ್ನ ಮುಖ ನೋಡಿದಳು. ಆಮೇಲೆ ಚಿತ್ರದ ಮೀನಿನ ಮೇಲೆ ಬೆರಳಿಟ್ಟಳು.

“ಅದು ಚಿತ್ರ ಮಗಾ. ಅಕ್ಷರ ಎಲ್ಲಿದೆ?”

“ನೀನು ಮೊದ್ಲು ಹೇಳಮ್ಮ. ಆಮೇಲೆ ನಾನು ಹೇಳ್ತೀನಿ.”

ಗೋಡೆಯ ಚೀಟಿಗಳನ್ನು ತೋರಿಸಿದೆ. “ಇವನ್ನೆಲ್ಲ ನೀನೇ ಬರೆದದ್ದು ತಾನೇ?”

“ಹೂಂ ಮತ್ತೆ! ನಾನೇ ಪೆನ್ಸಿಲ್ ಹಿಡ್ಕೊಂಡಿದ್ದೆ. ಎನಿಫಾ ದೊಡ್ಡಮ್ಮನ ಕೈ ನನ್ನ ಕೈ ಮೇಲಿತ್ತು.”

ಎಷ್ಟು ಹೆಮ್ಮೆಯಿಂದ ಹೇಳಿದಳು ಗೊತ್ತೇ? ನಾನು ಒಲೆಯ ಹೊಗೆಯ ನೆಪ ಹೇಳಿ ಕಣ್ಣೊರೆಸಿಕೊಂಡೆ.

ಎನಿಫಾ, ನವೆಂಬರಿನಲ್ಲಿ ಯಾರಿಗಾಗಿ ಹೆಸರು ಹಾಕಿದೆನೋ ಅವಳೇ ಆ ವರದಿಯ ಒಳಗಿದ್ದಾಳೆ. ಎರಡನೇ ತರಗತಿ, ಜೊಂಬಾ, ಎಲ್ಲರೂ ಓದುತ್ತಾರೆ. ನನ್ನ ಮಗಳು ಓದುತ್ತಾಳೆ ಎಂಬ ಸುಳ್ಳಿಗೆ ಹೆತ್ತವಳೇ ಹೆಬ್ಬೆಟ್ಟು ಒತ್ತಿದ್ದಾಳೆ.

ನನ್ನ ಹೆಸರು ತೆಗೆಯಿರಿ ಎಂದು ಇವತ್ತು ಕಪಾಂಡಾ ಮೇಷ್ಟ್ರಿಗೂ ಕೋರ್ಸಿನವರಿಗೂ ಬರೆದೆ. ಡಿಗ್ರಿ ಹೋಯಿತು, ವರ್ಗವೂ ಹೋಯಿತು. ನಿನ್ನ ಅಂಕವೂ ನಿಲ್ಲುತ್ತದೆ, ಗೊತ್ತು. ಲುಸು ಜನವರಿಯ ಹಡಗಿಗೆ ಬರುವುದಿಲ್ಲ. ಇಲ್ಲೇ ಇರುತ್ತಾಳೆ. ಸೊಳ್ಳೆ ಪರದೆ ಹೊಸದು ತಂದಿದ್ದೇನೆ.

ನೀನು ನನಗೆ ಒಂದೇ ಒಂದು ಸಾಲು ಬರೆಯಬಹುದಿತ್ತು. ‘ಅವಳಿಗೆ ಇನ್ನೂ ಬರುತ್ತಿಲ್ಲ ಕಣೇ.’ ಅಷ್ಟು ಬರೆದಿದ್ದರೆ ಏನಾಗುತ್ತಿತ್ತು? ನನಗೆ ಅದೇ ಅರ್ಥವಾಗುತ್ತಿಲ್ಲ.

ಟೊವೇರಾ

---

ಜೊಂಬಾ
14 ಜನವರಿ 2024

ಟೊವೇರಾ ಮೇಡಂ ಅವರಿಗೆ,

ಜ್ವರದಲ್ಲಿ ಕಣ್ಣು ಮೇಲೆ ಮಾಡಿದ್ದ ಮಗುವನ್ನು ನನ್ನ ಮಡಿಲಿಗೆ ಹಾಕಿದಾಗ ಅವಳಿಗೆ ಅಕ್ಷರ ಬರುತ್ತದೋ ಇಲ್ಲವೋ ಎಂದು ನೀವು ಕೇಳಿರಲಿಲ್ಲ. ಬದುಕುತ್ತಾಳೋ ಇಲ್ಲವೋ ಎಂದು ಕೇಳಿದ್ದಿರಿ. ಬದುಕಿಸಿ ಕಳಿಸಿದ್ದೇನೆ.

ಒಂದು ಕೋಣೆ, ನೂರು ಮೀರಿದ ಮಕ್ಕಳು. ಒಬ್ಬೊಬ್ಬರನ್ನು ಕರೆದು ಕೇಳಬೇಕಂತೆ! ಬಂದು ಮಾಡಿ ತೋರಿಸಿ.

ಅವಳ ಪಾಚಿ ಬಣ್ಣದ ಲಂಗ ಇಲ್ಲೇ ಉಳಿದಿದೆ. ಮಾಯಿ ಅವೆತು ಕೈಯಲ್ಲಿ ಕಳಿಸಿದ್ದೇನೆ.

ಎನಿಫಾ

---

ಜೊಂಬಾ
11 ಫೆಬ್ರವರಿ 2024

ಟೊವೇರಾ,

ನೀನು ಉತ್ತರ ಬರೆಯಲಿಲ್ಲ. ಮಾಯಿ ಅವೆತು ಬಂದಾಗ ಕೈ ಚಾಚಿದೆ. “ಕಾಗದ ಇಲ್ಲಮ್ಮ, ಬರೀ ಮೀನು” ಎಂದಳು.

ಲುಸುವಿನ ಜಾಗ ಮುಂದಿನ ಸಾಲಿನಲ್ಲಿ ಖಾಲಿ ಇದೆ. ಅವಳಿಲ್ಲದೆ ಕ್ಲಾಸಿನ ದನಿಯೇ ತಗ್ಗಿಹೋಗಿದೆ. ಅವಳು ಶುರು ಮಾಡುತ್ತಿದ್ದಳು, ಉಳಿದವರು ಹಿಂದೆ ಹೋಗುತ್ತಿದ್ದರು. ಅದು ನನಗೆ ಅಕ್ಟೋಬರಿನಲ್ಲೇ ಗೊತ್ತಿತ್ತು. ನಿನ್ನ ಕಾಗದ ಬಂದ ಮರುದಿನವೇ ಪಟ ಮುಚ್ಚಿ ನೋಡಿದ್ದೆ ಕಣೇ. ನೋಡಿ, ಮತ್ತೆ ತೆರೆದು, ಸ್ವೆಟರ್ ಹೆಣೆಯುತ್ತಾ ಕೂತೆ. ‘ಬರುತ್ತಿಲ್ಲ’ ಎಂದು ಬರೆದರೆ ನೀನು ಅವಳನ್ನು ವಾಪಸ್ ಕರೆಸಿಕೊಳ್ಳುತ್ತೀ ಎಂದು ಹೆದರಿದೆ. ಮಕ್ಕಳಿಲ್ಲದ ಮನೆ ನನ್ನದು. ನಿನಗೆ ಗೊತ್ತು.

ವರದಿಯ ಬಗ್ಗೆ ಕೋರ್ಸಿನವರು ಇನ್ನೂ ಏನೂ ಹೇಳಿಲ್ಲ. ಕಳೆದ ವಾರ ಬಳಗದಲ್ಲಿ ನನ್ನ ಹೆಸರಿನಲ್ಲೇ ಎಲ್ಲ ಬರೆದೆ. ಪಟ ಮುಚ್ಚಿದ್ದು, ಮಕ್ಕಳು ಓದಲಾರದೆ ಹೋದದ್ದು, ಟೊವೇರಾಗೆ ಜ್ವರ ಇರಲಿಲ್ಲ ಎಂಬುದು, ನನ್ನ ಹೆಸರನ್ನೂ ವರದಿಯಿಂದ ತೆಗೆಯಿರಿ ಎಂಬುದು. ಕಳಿಸಿ, ಫೋನನ್ನು ಜೋಳದ ಹಿಟ್ಟಿನ ಡಬ್ಬದ ಹಿಂದೆ ಇಟ್ಟು ಹೊರಗೆ ಹೋದೆ. ಬಂದು ನೋಡಿದರೆ ಏನಿತ್ತು ಹೇಳು? ‘ಅಭಿನಂದನೆಗಳು ಮೇಡಂ!’ ‘ನಿಮ್ಮ ಸಾಧನೆ ನಮಗೆಲ್ಲ ಮಾದರಿ.’ ‘ಪೂರ್ತಿ ಒಪ್ಪುತ್ತೇನೆ.’ ಹೂವೋ ಹೂವು! ನನ್ನ ಮಾನವನ್ನು ನಾನೇ ಹರಾಜಿಗಿಟ್ಟರೂ ಕೊಳ್ಳುವವರಿಲ್ಲವಲ್ಲೇ! ಒಬ್ಬಳೇ ಕೂತು ಹೊಟ್ಟೆ ಹಿಡಿದು ನಕ್ಕೆ. ನಗುತ್ತಾ ನಗುತ್ತಾ ಅತ್ತೆ.

ಎರಡು ದಿನ ಬಿಟ್ಟು ಕಪಾಂಡಾ ಮೇಷ್ಟ್ರ ಫೋನು ಬಂತು. ಬೈಗುಳಕ್ಕೆ ಸಿದ್ಧಳಾಗಿಯೇ ಎತ್ತಿದೆ.

“ಎನಿಫಾ ಮೇಡಂ, ನೀವು ಬರೆದಿದ್ದು ಓದಿದೆ.”

“ಹೂಂ ಮೇಷ್ಟ್ರೇ.”

“ಪೂರ್ತಿ ಓದಿದೆ. ಆಮೇಲೆ ನಮ್ಮ ಕ್ಲಾಸಿಗೆ ಹೋಗಿ ಪಟ ತಿರುಗಿಸಿ ಹಾಕ್ದೆ.” ಆಮೇಲೆ ಮೇಷ್ಟ್ರೇ ಕೇಳಿದರು, “ಮುಂದೆ ಏನು ಮಾಡಿದ್ರಿ ನೀವು?”

ಟೊವೇರಾ, ಈ ಬಳಗ ಸೇರಿದಂದಿನಿಂದ ನನ್ನನ್ನು ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ.

“ಗೊತ್ತಾಗ್ತಿಲ್ಲ ಮೇಷ್ಟ್ರೇ.”

“ನಂಗೂ ಗೊತ್ತಾಗ್ತಿಲ್ಲಮ್ಮ. ಆ ದ್ವೀಪದ ಹುಡುಗೀನ ಕೇಳಿ ನೋಡ್ತೀರಾ? ನಂಗೆ ಕೇಳೋಕೆ ಮುಖ ಇಲ್ಲ.”

ಅದಕ್ಕೇ ಕೇಳುತ್ತಿದ್ದೇನೆ. ನನಗೂ ಮುಖವಿಲ್ಲ, ಆದರೂ ಕೇಳುತ್ತೇನೆ. ಪಟ ತೆಗೆದ ಮೇಲೆ ನೀನು ಏನು ಮಾಡುತ್ತೀ? ಲುಸು ಹೇಗಿದ್ದಾಳೆ? ಅವಳು ನನ್ನನ್ನು ಕೇಳುತ್ತಾಳಾ? ಈ ಸಲ ಅವಳಿಂದ ಏನಾದರೂ ಬರೆಸಿ ಕಳಿಸು. ಕೈ ಹಿಡಿಯಬೇಡ.

ಎನಿಫಾ

---

ಲಿಕೋಮಾ
3 ಮಾರ್ಚ್ 2024

ಎನಿಫಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಅಕ್ಟೋಬರಿನಲ್ಲೇ ಗೊತ್ತಿತ್ತು ಎಂದೆಯಲ್ಲ, ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿದಿದೆ ಎಂದು ಬರೆದರೆ ನಾನೂ ಹೂವು ಹಾಕಿದಂತಾಗುತ್ತದೆ. ಸಿಟ್ಟು ತಾನಾಗಿಯೇ ಇಳಿಯಲಿ.

ಪಟ ತೆಗೆದ ಮೇಲೆ ನಾನೇನು ಮಾಡುತ್ತೇನೆಂದರೆ, ದಂಡೆಗೆ ಕರೆದುಕೊಂಡು ಹೋಗುತ್ತೇನೆ. ಮರಳಿನ ಮೇಲೆ ಒಬ್ಬೊಬ್ಬರಿಗೆ ಒಂದು ಮೊಳ ಜಾಗ. ಅಕ್ಷರ ಬರೆಯುವುದು, ಅಳಿಸುವುದು. ಅಲ್ಲಿ ಕೂಗಿದರೆ ಗಾಳಿಗೆ ಏನೂ ಕೇಳುವುದಿಲ್ಲ, ಹಾಗಾಗಿ ಕೂಗುವುದಿಲ್ಲ. ಬಹಳ ನಿಧಾನ. ಇದು ಸರಿಯಾದ ದಾರಿಯೋ ಅಲ್ಲವೋ ನನಗೂ ತಿಳಿಯದು. ಕಪಾಂಡಾ ಮೇಷ್ಟ್ರಿಗೆ ಹೀಗೆಯೇ ಹೇಳು, ತಿಳಿಯದು ಎಂಬುದನ್ನೂ ಸೇರಿಸಿ. ಅವರು ಬೇರೆ ಏನಾದರೂ ಮಾಡಿ ನೋಡಿದರೆ ನನಗೆ ತಿಳಿಸಲಿ.

ಲುಸುವಿಗೆ ಒಂದು ಸಲ ಜ್ವರ ಬಂದು ಹೋಯಿತು. ಮರಗೆಣಸಿನ ನ್ಸೀಮಾ ಮುದ್ದೆ ಕಂಡರೆ ಮೂತಿ ತಿರುಗಿಸುತ್ತಾಳೆ, “ದೊಡ್ಡಮ್ಮನ್ ಮನೇಲಿ ಜೋಳದ್ದು” ಎನ್ನುತ್ತಾಳೆ. ಮಲಗುವಾಗ ನಿನ್ನ ಹೆಸರು ಹೇಳಿಯೇ ಮಲಗುವುದು. ಏಪ್ರಿಲ್ ರಜೆಗೆ ನಿನ್ನ ಹತ್ತಿರ ಕಳಿಸಬೇಕೋ, ನೀನೇ ಇಲ್ಲಿಗೆ ಬರುತ್ತೀಯೋ, ಬರೆ.

ಹಳೆಯ ಚೀಟಿಗಳನ್ನು ಗೋಡೆಯಿಂದ ಕಿತ್ತಿಲ್ಲ. ಅವು ನಿನ್ನ ಅಕ್ಷರ, ಇರಲಿ.

ಇದರ ಜೊತೆ ಒಂದು ಹಾಳೆ ಇದೆ. ಲುಸು ಬೆಳಗಿನಿಂದ ಬಾಗಿಲ ಹಿಂದೆ ಕೂತು ಬರೆದದ್ದು, ನಾನು ಹತ್ತಿರ ಹೋಗಲಿಲ್ಲ. ಒಂದೆರಡು ಅಕ್ಷರ ತಲೆಕೆಳಗಾಗಿವೆ, ನಡುವೆ ಒಂದು ಮೀನಿದೆ, ಆಮೇಲೆ ಏನೋ ಗೀಚಿದೆ. ಏನು ಬರೆದಿದ್ದೀಯೇ ಎಂದರೆ “ನಿಂಗಲ್ಲ, ದೊಡ್ಡಮ್ಮಂಗೆ. ಅವ್ರಿಗೆ ಗೊತ್ತಾಗುತ್ತೆ” ಎಂದಳು. ನಾನು ಎಷ್ಟು ತಿರುಗಿಸಿ ನೋಡಿದರೂ ಓದಲಾಗಲಿಲ್ಲ.

ನೀನು ಓದಿ ನೋಡು. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎಂದೇ ಅವಳಿಗೆ ಬರೆ. ಮತ್ತೆ ಬರೆಯುತ್ತಾಳೆ.

ಟೊವೇರಾ